ಒಬ್ಬರೇ ಜೆಟ್ ಹಾರಿಸುವವರ ಅದೇ ಹಳೆಯ ಪ್ರಶ್ನೆಗಳು

ಪ್ರಶ್ನೆ: ಅಮೆರಿಕದಲ್ಲಿ ನನ್ನ ಸ್ವಂತ ಸೈಟೇಶನ್ ಸಿಜೆ3 ಎಂಬ ಸಣ್ಣ ಜೆಟ್ ಇದೆ. ಒಬ್ಬ ಪೈಲಟ್ ಸಾಕೆಂದು ಪ್ರಮಾಣೀಕರಿಸಿದ ವಿಮಾನ. ಆಟೋಪೈಲಟ್ ಕೆಟ್ಟಿದೆ, ಆದರೆ ಆಕಾಶ ತಿಳಿಯಾಗಿದೆ. ಒಬ್ಬನೇ ಹೊರಡಬಹುದೇ?

ಉತ್ತರ: ಇಲ್ಲ. ಆಕಾಶಕ್ಕೂ ಇದಕ್ಕೂ ಏನು ಸಂಬಂಧ? ‘ಒಬ್ಬರು ಸಾಕು’ ಎಂಬುದಕ್ಕೆ ಷರತ್ತುಗಳಿವೆ. ಫ್ಲೈಟ್ ಮ್ಯಾನುಯಲ್‌ನ ಮಿತಿಗಳ ಭಾಗ ತೆರೆದು ನೋಡಿ: ಆಟೋಪೈಲಟ್ ಕೆಲಸ ಮಾಡುತ್ತಿರಬೇಕು, ಹೆಡ್‌ಸೆಟ್‌ಗೆ ಮೈಕ್ ಇರಬೇಕು. ಮೀರಿದರೆ, ಮ್ಯಾನುಯಲ್‌ನ ಮಿತಿಯೊಳಗೇ ಹಾರಬೇಕೆನ್ನುವ ಅಮೆರಿಕದ ವಿಮಾನಯಾನ ನಿಯಮ 91.9ರ ಉಲ್ಲಂಘನೆ. ಪಿಸ್ಟನ್ ವಿಮಾನದವರು ಕೆಟ್ಟ ಉಪಕರಣಕ್ಕೆ ‘ಇನಾಪ್’ (ಕೆಲಸ ಮಾಡುತ್ತಿಲ್ಲ) ಚೀಟಿ ಅಂಟಿಸಿ ಹೊರಡುತ್ತಾರಲ್ಲ, ಆ ರಿಯಾಯಿತಿ ಜೆಟ್‌ನಂಥ ಟರ್ಬೈನ್ ವಿಮಾನಕ್ಕಿಲ್ಲ. ನಿಮ್ಮ ಹೆಸರಿಗೆ ಮಂಜೂರಾದ ಎಂಇಎಲ್ (ಯಾವ ಉಪಕರಣ ಕೆಟ್ಟರೂ ಹಾರಬಹುದು ಎಂಬ ಪಟ್ಟಿ) ಬೇಕು, ಅದರಲ್ಲಿ ಅವಕಾಶವಿರಬೇಕು, ಬಲ ಸೀಟಿನಲ್ಲಿ ಅರ್ಹ ಸಹಪೈಲಟ್ ಇರಬೇಕು. ಜತೆಗೆ ಸುಮ್ಮನೆ ಹಾರಲು ಬರುವ ಭಾವಮೈದುನ ಲೆಕ್ಕಕ್ಕಿಲ್ಲ.

ಮೇಲೆ ಹೋದಮೇಲೆ ಕೆಟ್ಟರೆ ಬೇರೆ ತಲೆನೋವು. 29,000ದಿಂದ 41,000 ಅಡಿವರೆಗಿನ ಆರ್‌ವಿಎಸ್‌ಎಂ ವಲಯದಲ್ಲಿ (ಮೇಲೆ-ಕೆಳಗೆ ಹಾರುವ ವಿಮಾನಗಳ ನಡುವೆ ಅಂತರ ಕಡಿಮೆ ಇಡುವ ವಲಯ) ಎತ್ತರವನ್ನು ತಾನೇ ಹಿಡಿದಿಡುವ ವ್ಯವಸ್ಥೆ ಕಡ್ಡಾಯ. ಮುಚ್ಚಿಡದೆ ತಕ್ಷಣ ನೆಲದ ನಿಯಂತ್ರಕರಿಗೆ ‘ಅನೇಬಲ್ ಆರ್‌ವಿಎಸ್‌ಎಂ’ (ಈ ವಲಯದ ನಿಯಮ ಪಾಲಿಸಲಾರೆ) ಎನ್ನಿ. 29,000ಕ್ಕಿಂತ ಕೆಳಗಿಳಿಸುವ ಸಾಧ್ಯತೆಯೇ ಹೆಚ್ಚು. ಅಲ್ಲಿ ಜೆಟ್ ಇಂಧನ ಹೆಚ್ಚು ಕುಡಿಯುತ್ತದೆ. ಮೊದಲ ಲೆಕ್ಕವನ್ನೇ ನಂಬಿ ಕೂರದೆ, ಹೊಸ ಎತ್ತರದ ಬಳಕೆ ಹಾಕಿ ನೋಡಿ. ರಿಸರ್ವ್ (ಮೀಸಲು) ಇಂಧನಕ್ಕೆ ಕೈ ಹಚ್ಚಬೇಕಾದರೆ ಹತ್ತಿರದ ನಿಲ್ದಾಣಕ್ಕೆ ತಿರುಗಿಸಿ. ನಿಯಂತ್ರಕರಿಂದ ರಾಡಾರ್ ವೆಕ್ಟರ್ (ಹಾರಬೇಕಾದ ದಿಕ್ಕಿನ ಸೂಚನೆ), ಉದ್ದನೆಯ ಫೈನಲ್ (ರನ್‌ವೇಗೆ ನೇರವಾದ ಕೊನೆಯ ಹಾದಿ) ಕೇಳಿ ಪಡೆಯಿರಿ. ಒಂದು ಕೈ ಯೋಕ್ (ವಿಮಾನದ ಸ್ಟೀರಿಂಗ್) ಮೇಲೆ, ಇನ್ನೊಂದರಲ್ಲಿ ಚಾರ್ಟ್ ಹುಡುಕಾಟ ಎಂದಾದಾಗಲೇ ವಿಮಾನ ಎತ್ತರ ಬಿಟ್ಟು ಜಾರುವುದು.

ಪ್ರಶ್ನೆ: 37,000 ಅಡಿಯಲ್ಲಿ ಒಬ್ಬನೇ ಇದ್ದಾಗ ಆಕ್ಸಿಜನ್ ಮಾಸ್ಕ್ ಕೈಗೆಟುಕುವಂತಿದ್ದರೆ ಸಾಲದೇ?

ಉತ್ತರ: ಸಾಲದು. ಅಮೆರಿಕದ ನಿಯಮ 91.211ರ ಪ್ರಕಾರ 35,000 ದಾಟಿದರೆ ಮುಖಕ್ಕೆ ಹಾಕಿಕೊಂಡೇ ಇರಬೇಕು. 5 ಸೆಕೆಂಡಿನಲ್ಲಿ ಹಾಕಿಕೊಳ್ಳಬಲ್ಲ ಮಾಸ್ಕ್‌ ಹತ್ತಿರವಿದ್ದರೆ ಸಾಕೆಂಬ ವಿನಾಯಿತಿ ಇಬ್ಬರು ಪೈಲಟ್‌ಗಳಿದ್ದಾಗ, ಅದೂ 41,000ದವರೆಗೆ ಮಾತ್ರ. ‘ಯಾರೂ ಹಾಕಲ್ಲ ಬಿಡಿ’ ಎನ್ನುವ ಹ್ಯಾಂಗರ್ ಪಂಡಿತರ ಮಾತು ಕೇಳಬೇಡಿ. ಕಿರಿಕಿರಿಯಾದರೆ 35,000 ದಾಟಬೇಡಿ.

ಪ್ರಶ್ನೆ: ನನ್ನದು ಸಿಇ-525ಎಸ್ ರೇಟಿಂಗ್ (ಈ ಬಗೆಯ ಜೆಟ್ಟನ್ನು ಒಬ್ಬನೇ ಹಾರಿಸುವ ಪರವಾನಗಿ). ಖಾಸಗಿ ಹಾರಾಟದಲ್ಲಿ ಪಕ್ಕ ಕೂತ ಗೆಳೆಯ ತನ್ನ ಲಾಗ್‌ಬುಕ್‌ನಲ್ಲಿ ಸಹಪೈಲಟ್ ಆಗಿ ಹಾರಿದ ಗಂಟೆ ಎಂದು ಬರೆದುಕೊಳ್ಳಬಹುದೇ?

ಉತ್ತರ: ಒಬ್ಬರೇ ಸಾಕಾದ ಕಡೆ ಇಲ್ಲ. ಗಂಟೆ ಮಾರುವ ದಲ್ಲಾಳಿಗಳಿಗೆ ದುಡ್ಡು ಸುರಿಯಬೇಡಿ.

ಪ್ರಶ್ನೆ: ತುರ್ತು ಆಟೋಲ್ಯಾಂಡ್ (ಪೈಲಟ್ ಕೈಲಾಗದಾದಾಗ ವಿಮಾನವನ್ನು ತಾನೇ ಇಳಿಸುವ ವ್ಯವಸ್ಥೆ) ಇದ್ದರೆ ಎರಡನೇ ಪೈಲಟ್ ಇದ್ದಂತೆಯೇ?

ಉತ್ತರ: ಅಲ್ಲ.

ಪ್ರಶ್ನೆ: ಯುರೋಪಿನಲ್ಲಿ ಇದೇ ಜೆಟ್ಟನ್ನು ಒಬ್ಬನೇ ಚಾರ್ಟರ್‌ಗೆ (ಬಾಡಿಗೆಗೆ) ಓಡಿಸಬಹುದೇ?

ಉತ್ತರ: ಐಎಫ್‌ಆರ್ (ಉಪಕರಣಗಳನ್ನು ನಂಬಿ ಹಾರುವ ನಿಯಮಗಳ ಅಡಿ) ಅಥವಾ ರಾತ್ರಿಯ ವಾಣಿಜ್ಯ ಹಾರಾಟವಾದರೆ ಯಾವ ಟರ್ಬೋಜೆಟ್‌ಗೂ ಅಲ್ಲಿ ಇಬ್ಬರು ಬೇಕು. ತಯಾರಕರ ಬ್ರೋಷರ್ ಏನೇ ಹೇಳಲಿ.