ನಾವೇ ನಿಂತು ಮನೆ ಕಟ್ಟಿಸುವುದಾದರೆ

ಪ್ರಶ್ನೆ: ಗದಗಿನ ಹೊಸ ಬಡಾವಣೆಯೊಂದರಲ್ಲಿ ನಮಗೆ 30x40 ಅಡಿಯ ನಿವೇಶನವಿದೆ. ನಾನು ಶಾಲಾ ಶಿಕ್ಷಕಿ; ನಮ್ಮ ಯಜಮಾನರು ನಿವೃತ್ತರು. ಎಂಟು ಚದರದ (800 ಚದರ ಅಡಿ), ಒಂದೇ ಅಂತಸ್ತಿನ ಮನೆ ನಮಗೆ ಸಾಕು. ಗುತ್ತಿಗೆದಾರರಿಗೆ ಒಪ್ಪಿಸದೆ, ಸಾಮಾನು ನಾವೇ ತಂದುಕೊಟ್ಟು ಗೌಂಡಿಗಳಿಂದ ಕಟ್ಟಿಸಬೇಕೆಂದಿದ್ದೇವೆ. ಸ್ವಲ್ಪ ಭಾಗಕ್ಕೆ ಬ್ಯಾಂಕ್ ಸಾಲ ಬೇಕಾಗುತ್ತದೆ. ಜಾಗ ಪೂರ್ತಿ ಎರೆ ಮಣ್ಣಿನದು. ಇದು ನಮ್ಮಿಂದ ಸಾಧ್ಯವೇ? ಎಲ್ಲಿಂದ ಆರಂಭಿಸಬೇಕು?

ಉತ್ತರ: ಖಂಡಿತ ಸಾಧ್ಯ. ಮನೆಯ ಒಬ್ಬರು ದಿನವಿಡೀ ಸ್ಥಳದಲ್ಲಿ ನಿಲ್ಲಬಲ್ಲರು ಎಂಬುದು ನಿಮಗಿರುವ ದೊಡ್ಡ ಅನುಕೂಲ. ಗುತ್ತಿಗೆದಾರರು ಪಡೆಯುವ ಲಾಭದಲ್ಲಿ, ಬೆಳಿಗ್ಗೆ ಗೌಂಡಿ ಬರುವ ಹೊತ್ತಿಗೆ ಇಟ್ಟಿಗೆ, ಉಸುಕು, ನೀರು ಮೂರೂ ಸಿದ್ಧವಿರುವಂತೆ ನೋಡಿಕೊಳ್ಳುವ ಕೆಲಸದ ಕೂಲಿಯೂ ಸೇರಿರುತ್ತದೆ. ಇನ್ನು ಮುಂದೆ ಆ ಕೆಲಸ ನಿಮ್ಮ ಯಜಮಾನರದು. ನನ್ನ ಅನುಭವದ ಮಟ್ಟಿಗೆ ಹೇಳುವುದಾದರೆ, ಸ್ವತಃ ಕಟ್ಟಿಸುವವರಿಗೆ ಹಣ ಉಳಿಯುವುದು ಅಂಗಡಿಯ ಚೌಕಾಸಿಗಿಂತ ಹೆಚ್ಚಾಗಿ ಪಾಯ ತೋಡುವ ಮೊದಲೇ ಮಾಡಿಕೊಂಡ ತೀರ್ಮಾನಗಳಿಂದ. ಗೋಡೆ ಎದ್ದ ಮೇಲೆ ಬಾಗಿಲನ್ನು ಎರಡಡಿ ಆಚೆ ಸರಿಸಿದರೆ, ಒಡೆದ ಕೂಲಿ, ಮತ್ತೆ ಕಟ್ಟಿದ ಕೂಲಿ, ಅಷ್ಟು ದಿನ ಸುಮ್ಮನೆ ಕುಳಿತವರ ಪಗಾರ ಎಲ್ಲವೂ ನಿಮ್ಮ ತಲೆಗೇ ಬರುತ್ತದೆ. ಆದ್ದರಿಂದ ಅಡುಗೆಮನೆಯ ಕಟ್ಟೆ, ಬಚ್ಚಲಿನ ಕೊಳವೆ, ಸ್ವಿಚ್ ಬೋರ್ಡ್‌ಗಳ ಜಾಗದವರೆಗೆ ಎಲ್ಲವೂ ನಕ್ಷೆಯಲ್ಲಿ ಬಂದ ಮೇಲೆಯೇ ಗುದ್ದಲಿ ಪೂಜೆ ಮಾಡಿರಿ.

ಕಾಗದಪತ್ರಗಳ ವಿಷಯ ನಿಮಗೆ ಗೊತ್ತಿರಬಹುದು: ಇ-ಖಾತಾ, ಋಣಭಾರ ಪ್ರಮಾಣಪತ್ರ, ನಗರಸಭೆಯಿಂದ ನಕ್ಷೆಗೆ ಅನುಮೋದನೆ. ಬ್ಯಾಂಕಿನವರು ಅನುಮೋದಿತ ನಕ್ಷೆಯ ಜೊತೆಗೆ ಎಂಜಿನಿಯರ್ ಸಹಿ ಮಾಡಿದ ಅಂದಾಜು ಪಟ್ಟಿಯನ್ನೂ ಕೇಳುತ್ತಾರೆ. ಸಾಲ ಒಂದೇ ಗಂಟಾಗಿ ಕೈಗೆ ಬರುವುದಿಲ್ಲ. ಕೆಲಸ ಮುಂದುವರಿದಂತೆ ಹಂತಹಂತವಾಗಿ ಬಿಡುಗಡೆಯಾಗುತ್ತದೆ. ಎರೆ ಮಣ್ಣಿನಲ್ಲಿ ಪಾಯದ ಖರ್ಚೇ ಹೆಚ್ಚಾಗುವುದರಿಂದ, ಕನಿಷ್ಠ ಆ ಹಂತಕ್ಕೆ ಬೇಕಾಗುವ ಸ್ವಂತ ಹಣವನ್ನು ತೆಗೆದಿರಿಸಿಕೊಂಡೇ ಹೊರಡಬೇಕು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಮಣ್ಣು. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಕುಳಿತ ಪಾಯವೂ ವರ್ಷವರ್ಷ ಏರಿಳಿದು, ಕಿಟಕಿಯ ಮೂಲೆಗಳಿಂದ ಓರೆಯಾಗಿ ಗೋಡೆ ಸೀಳುತ್ತದೆ. ಪಕ್ಕದ ಮನೆಯವರು ಎಷ್ಟು ಆಳ ತೆಗೆದರೋ ಅಷ್ಟೇ ತೆಗೆಯೋಣ ಎಂಬ ಲೆಕ್ಕ ಇಲ್ಲಿ ನಡೆಯದು. ಮಣ್ಣು ಪರೀಕ್ಷೆ ಮಾಡಿಸಿ, ಗಟ್ಟಿ ಪದರ ಎಷ್ಟು ಕೆಳಗೆ ಸಿಗುತ್ತದೆ ಎಂದು ತಿಳಿದುಕೊಂಡು, ಸ್ಟ್ರಕ್ಚರಲ್ ಎಂಜಿನಿಯರ್ ಹೇಳಿದಂತೆ ಪಾಯ ಹಾಕಿಸಿ. ಗಟ್ಟಿ ಪದರ ತೀರ ಆಳದಲ್ಲಿದ್ದರೆ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್‌ಗಳನ್ನು ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳಕ್ಕೆ ಇಳಿಸಿ, ಮೇಲೆ ಬೀಮ್ ಕಟ್ಟಿ ಗೋಡೆ ಎಬ್ಬಿಸುವ ವಿಧಾನವಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂತಹ ಮಣ್ಣಿಗೆಂದೇ ಅದನ್ನು ಬೆಳೆಸಿತು. ತೋಡಿದ ಎರೆ ಮಣ್ಣನ್ನೇ ಪಾಯದೊಳಗೆ ತುಂಬಿಸುವ ರೂಢಿಗೆ ದಯವಿಟ್ಟು ಒಪ್ಪಬೇಡಿರಿ. ಸಾಗಣೆಯ ಖರ್ಚು ಉಳಿಯಿತೆಂದು ತುಂಬಿಸಿದವರ ಮನೆಗಳಲ್ಲಿ ನೆಲದ ಟೈಲ್ಸ್ ಉಬ್ಬಿ ಎದ್ದಿರುವುದನ್ನು ನೋಡಿದ್ದೇನೆ. ಗರಸು ತರಿಸಿ, ಪದರಪದರವಾಗಿ ನೀರು ಹಾಕಿ ಧಮ್ಮಸು ಮಾಡಿಸಿರಿ. ಹಸಿ ಎರೆಯಲ್ಲಿ ತೋಡುವುದೇ ಕಷ್ಟವಾದ್ದರಿಂದ ಹಿಂಗಾರು ಮಳೆ ಮುಗಿದ ಮೇಲೆ, ಡಿಸೆಂಬರ್ ಹೊತ್ತಿಗೆ ಪಾಯ ಆರಂಭಿಸುವುದು ಸೂಕ್ತ.

ಸ್ಲ್ಯಾಬ್ ಹಾಕುವ ದಿನ ನಿಮ್ಮ ಯಜಮಾನರು ಒಂದೇ ಒಂದು ಸಂಗತಿಯನ್ನು ಕಾಯುವುದಾದರೆ ಅದು ನೀರಾಗಿರಲಿ. ಎಂಟು ಚದರಕ್ಕೆ ಐದು ಇಂಚಿನ ಸ್ಲ್ಯಾಬ್ ಎಂದರೆ, ಬೀಮು, ಸಜ್ಜಾ ಬಿಟ್ಟು, ಸುಮಾರು ಒಂಬತ್ತೂವರೆ ಘನ ಮೀಟರ್ ಕಾಂಕ್ರೀಟ್. ಒಂದು ಪಾಲು ಸಿಮೆಂಟ್, ಒಂದೂವರೆ ಉಸುಕು, ಮೂರು ಖಡಿಯ ಮಿಶ್ರಣದಲ್ಲಿ ಅದಕ್ಕೆ 75 ಚೀಲದ ಆಸುಪಾಸು ಸಿಮೆಂಟ್ ಬೇಕು. ಈ ಮಿಶ್ರಣಕ್ಕೆ 50 ಕಿಲೋ ಚೀಲವೊಂದಕ್ಕೆ 30 ಲೀಟರ್‌ಗಿಂತ ಹೆಚ್ಚು ನೀರು ಸಲ್ಲದು. ಉಸುಕು ಹಸಿಯಾಗಿದ್ದರೆ ಇನ್ನೂ ಕಡಿಮೆ ಮಾಡಬೇಕು. ಹರಡಲು ಸಲೀಸಾಗಲೆಂದು ಪೈಪು ಹಿಡಿದು ನೀರು ಬಿಡುವುದು ಎಲ್ಲ ಕಡೆ ನಡೆಯುತ್ತದೆ, ಅದರಿಂದ ಸ್ಲ್ಯಾಬಿನ ಬಲವೇ ಕುಗ್ಗುತ್ತದೆ. ಮಿಕ್ಸರ್ ಪಕ್ಕದಲ್ಲಿ ಅಳತೆಯ ಬಕೆಟ್ ಇರಿಸಿ, ಪೈಪನ್ನು ಅಲ್ಲಿಂದ ತೆಗೆಸಿರಿ. ಮರುದಿನ ಸ್ಲ್ಯಾಬಿನ ಮೇಲೆ ಸಣ್ಣ ಬದು ಕಟ್ಟಿಸಿ ನೀರು ನಿಲ್ಲಿಸಿರಿ. ಹಾರುಬೂದಿಯಂತಹವು ಬೆರೆತ ಪಿಪಿಸಿ ಸಿಮೆಂಟ್ ಆಗಿದ್ದರೆ ಕನಿಷ್ಠ 10 ದಿನ, ಸಾಧ್ಯವಾದರೆ ಎರಡು ವಾರ.

ಕಬ್ಬಿಣ ಇಳಿಸಿಕೊಳ್ಳುವಾಗ ತೂಕದ ಚೀಟಿಯೊಂದನ್ನೇ ನಂಬದೆ ಸರಳುಗಳನ್ನೂ ಎಣಿಸಿರಿ. 12 ಮಿಲಿಮೀಟರಿನ, 12 ಮೀಟರ್ ಉದ್ದದ ಒಂದು ಸರಳು ಹತ್ತೂವರೆ ಕಿಲೋಕ್ಕಿಂತ ತುಸು ಹೆಚ್ಚು ತೂಗಬೇಕು.

ಪ್ರಶ್ನೆ: ನಾವೂ ಸಾಮಾನು ಕೊಟ್ಟು ಕೂಲಿ ಗುತ್ತಿಗೆಯಲ್ಲಿ ಕಟ್ಟಿಸುತ್ತಿದ್ದೇವೆ. ಮೇಸ್ತ್ರಿಯವರು ಆರಂಭಕ್ಕೇ ದೊಡ್ಡ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ? ಕೂಲಿಗೆ ಜಿಎಸ್‌ಟಿ ಬರುತ್ತದೆಯೇ? (ದಾವಣಗೆರೆಯ ಓದುಗರು)

ಉತ್ತರ: ಎರಡು ವಾರದ ಬಟವಾಡೆಗೆ ಸಾಕಾಗುವಷ್ಟು ಕೊಡಿರಿ, ಉಳಿದದ್ದು ಪಾಯ, ಲಿಂಟಲ್, ಸ್ಲ್ಯಾಬ್, ಪ್ಲಾಸ್ಟರ್ ಎಂದು ಹಂತ ಮುಗಿದಂತೆ ಸಲ್ಲಲಿ, ಕೊನೆಯ ಕಂತು ಒಂದು ಮಳೆ ಕಂಡ ಮೇಲೆ ಇರಲಿ. ಚದರಕ್ಕೆ ಇಷ್ಟೆಂದು ಮಾತಾಡುವಾಗ ಸಜ್ಜಾ, ಮೆಟ್ಟಿಲು, ಸಂಪು, ಪ್ಯಾರಾಪೆಟ್ ಗೋಡೆ ಅಳತೆಯಲ್ಲಿ ಸೇರುತ್ತವೆಯೇ, ಸೆಂಟ್ರಿಂಗ್ ಸಾಮಾನಿನ ಬಾಡಿಗೆ ಯಾರದು ಎಂಬುದನ್ನು ಕಾಗದದಲ್ಲಿ ಬರೆಸಿರಿ. ಜಗಳ ಹುಟ್ಟುವುದೆಲ್ಲ ಅಲ್ಲಿಯೇ. ಒಂಟಿ ಮನೆಯ ಹೊಸ ನಿರ್ಮಾಣದ ಬರಿಯ ಕೂಲಿ ಗುತ್ತಿಗೆಗೆ ಜಿಎಸ್‌ಟಿ ವಿನಾಯಿತಿಯಿದೆ. ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ ಎಂದೂ ವಿಚಾರಿಸಿ, ಗಟ್ಟಿ ಸಾರುವೆ ಮತ್ತು ಹೆಲ್ಮೆಟ್ಟಿನ ಖರ್ಚು ಯಾರದೆಂಬುದನ್ನು ಅದೇ ಕಾಗದದಲ್ಲಿ ಸೇರಿಸಿರಿ.