ಪಹಣಿ ತಂದೆಯ ಹೆಸರಿನಲ್ಲೇ ಇದ್ದರೆ ಸಹಾಯಧನ ಬರುವುದಿಲ್ಲ

ಚಳ್ಳಕೆರೆಯ ಅಣ್ಣನವರೇ, ತಂದೆ ತೀರಿಕೊಂಡು ಎರಡು ವರ್ಷವಾಯಿತು, ಕೇಂದ್ರ ಸರ್ಕಾರ ರೈತರಿಗೆ ಕೊಡುವ ಪಿಎಂ ಕಿಸಾನ್ ಸಹಾಯಧನದ ಕಂತು ನಿಂತಿದೆ, ಶೇಂಗಾ ಒಣಗಿದರೂ ಪರಿಹಾರ ಪಕ್ಕದ ಹೊಲದವರಿಗೆ ಮಾತ್ರ ಬಂತು ಎಂದು ಬರೆದಿದ್ದೀರಿ. ಕೃಷಿ ಕಚೇರಿಗೆ ಅಲೆಯುವುದನ್ನು ಸದ್ಯಕ್ಕೆ ಬಿಡಿ. ನಿಮ್ಮ ಕೆಲಸ ಇರುವುದು ನಾಡಕಚೇರಿಯಲ್ಲಿ. ಜಮೀನಿನ ಹಕ್ಕು ದಾಖಲೆಯಾದ ಪಹಣಿ ಇನ್ನೂ ತಂದೆಯ ಹೆಸರಿನಲ್ಲಿರುವಾಗ ಸರ್ಕಾರದ ಲೆಕ್ಕದಲ್ಲಿ ನೀವು ರೈತರೇ ಅಲ್ಲ. ಉಳುವವರು ನೀವೇ ಎಂಬುದು ಊರಿಗೆಲ್ಲ ಗೊತ್ತಿದ್ದರೂ ಗಣಕಯಂತ್ರಕ್ಕೆ ಗೊತ್ತಿಲ್ಲ.

ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಹಿಡಿದು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಕೊಡಿ. ಪಿಎಂ ಕಿಸಾನ್‌ಗೆ 2019ರ ಫೆಬ್ರವರಿ 1ರೊಳಗೆ ಜಮೀನು ಹೆಸರಿನಲ್ಲಿರಬೇಕು ಎಂಬ ನಿಯಮವನ್ನು ಯಾರೋ ಹೇಳಿ ನಿಮ್ಮನ್ನು ಹೆದರಿಸಿದ್ದಾರೆ. ಅದು ಕೊಂಡ ಜಮೀನಿಗೆ. ಜಮೀನಿನ ಒಡೆಯರು ತೀರಿಕೊಂಡು ವಾರಸುದಾರರಿಗೆ ಬಂದ ಜಮೀನಿಗೆ ವಿನಾಯಿತಿ ಇದೆ. ತಂದೆಯವರ ಬ್ಯಾಂಕ್ ಖಾತೆಗೆ ಅವರು ತೀರಿಕೊಂಡ ಮೇಲೆ ಯಾವುದಾದರೂ ಕಂತು ಬಿದ್ದಿದ್ದರೆ ಅದನ್ನು ಮುಟ್ಟದೆ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ಅಂಥ ಹಣವನ್ನು ಸರ್ಕಾರ ಹಿಂದಕ್ಕೆ ಕೇಳುತ್ತದೆ.

ಜಮೀನಿನ ಖಾತೆ ಬದಲಾದ ಕೂಡಲೇ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಎಂಬ ರಾಜ್ಯದ ರೈತರ ದತ್ತಾಂಶದಲ್ಲಿ ನೋಂದಣಿ ಮಾಡಿಸಿ, ಎಫ್‌ಐಡಿ ಎಂಬ ರೈತ ಗುರುತಿನ ಸಂಖ್ಯೆ ಪಡೆಯಿರಿ. ಇಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500, ಗರಿಷ್ಠ ಎರಡು ಹೆಕ್ಟೇರ್‌ವರೆಗೆ ಎಂಬುದು ಆಗಿನ ಬೆಳೆ ಪರಿಹಾರದ ಮಾನದಂಡವಾಗಿತ್ತು. ನನ್ನದು ಮಳೆಯಾಶ್ರಿತ ಮೂರು ಎಕರೆ ಇಪ್ಪತ್ತು ಗುಂಟೆ, ಸುಮಾರು 12,000 ಬರಬೇಕಿತ್ತು. ಬಂದದ್ದು 4,300ರ ಆಸುಪಾಸು. ವಿಚಾರಿಸಿದರೆ ಫ್ರೂಟ್ಸ್‌ನಲ್ಲಿ ನನ್ನ ಎರಡು ಸರ್ವೆ ನಂಬರುಗಳ ಪೈಕಿ ಒಂದು ಎಕರೆ ಹತ್ತು ಗುಂಟೆಯದು ಮಾತ್ರ ಸೇರಿತ್ತು! ನೋಂದಣಿಯ ದಿನ ನಾನು ಒಂದೇ ಪಹಣಿ ಒಯ್ದಿದ್ದೆ, ಯಾರೂ ಇನ್ನೊಂದನ್ನು ಕೇಳಲಿಲ್ಲ. ಆದ್ದರಿಂದ ಎಲ್ಲ ಸರ್ವೆ ನಂಬರುಗಳ ಪಹಣಿಯನ್ನೂ ಒಯ್ಯಿರಿ, ವಿಸ್ತೀರ್ಣವನ್ನು ಗುಂಟೆ ಸಮೇತ ಪರದೆಯ ಮೇಲೆ ಓದಿ ನೋಡಿಯೇ ಎದ್ದು ಬನ್ನಿ.

ಯಾವ ಹೊಲದಲ್ಲಿ ಯಾವ ಬೆಳೆ ಇದೆ ಎಂದು ಸರ್ಕಾರ ದಾಖಲಿಸುವ ಬೆಳೆ ಸಮೀಕ್ಷೆಯೂ ಅಷ್ಟೇ ಮುಖ್ಯ. ನಿಮ್ಮ ಹೊಲಕ್ಕೆ ‘ಪಾಳು’ ಎಂದು ದಾಖಲಾಗಿದ್ದರೆ ಶೇಂಗಾ ಒಣಗಿದ್ದಕ್ಕೆ ಪರಿಹಾರ ಹೇಗೆ ಬರುತ್ತದೆ? ಬೆಳೆ ದರ್ಶಕ್ ಆ್ಯಪ್‌ನಲ್ಲಿ ಸರ್ವೆ ನಂಬರು ಹಾಕಿ ನೋಡಿ, ತಪ್ಪಿದ್ದರೆ ಅವಧಿ ಮುಗಿಯುವ ಮೊದಲೇ ಅಲ್ಲಿಯೇ ಆಕ್ಷೇಪಣೆ ಸಲ್ಲಿಸಿ.

ಇನ್ನು ಬ್ಯಾಂಕು. ಹಣ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ, ನೀವು ಕಚೇರಿಯಲ್ಲಿ ಕೊಟ್ಟ ಪಾಸ್‌ಬುಕ್ಕಿನ ಖಾತೆಗೇ ಬರುತ್ತದೆಂದು ನಂಬಬೇಡಿ. ನಮ್ಮ ಅಮ್ಮನ ಪಿಎಂ ಕಿಸಾನ್‌ನ ಮೂರು ಕಂತು ಬರಲಿಲ್ಲವೆಂದು ವರ್ಷವಿಡೀ ಅಲೆದೆವು. ಕೊನೆಗೆ ನೋಡಿದರೆ ಸ್ವಸಹಾಯ ಸಂಘಕ್ಕೆಂದು ತೆರೆಸಿ ಮರೆತಿದ್ದ ಇನ್ನೊಂದು ಖಾತೆಯಲ್ಲಿ ಆರು ಸಾವಿರವೂ ಭದ್ರವಾಗಿತ್ತು. ಆಧಾರ್ ಜಾಲತಾಣದಲ್ಲಿ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ತೋರಿಸುತ್ತದೆ. ಪಿಎಂ ಕಿಸಾನ್‌ನ ಇ-ಕೆವೈಸಿಯನ್ನೂ, ಅಂದರೆ ಆಧಾರ್ ಮೂಲಕ ಗುರುತು ದೃಢಪಡಿಸುವುದನ್ನೂ, ಅದೇ ದಿನ ಮುಗಿಸಿಬಿಡಿ.

ಒಂದು ಮಾತು ಉಳಿಯಿತು. ಅಕ್ಕ ಮದುವೆಯಾಗಿ ಹೋಗಿದ್ದಾರೆ, ವಂಶವೃಕ್ಷದಲ್ಲಿ ಅವರ ಹೆಸರು ಬೇಡವೆಂದು ಯಾರೋ ಸಲಹೆ ಕೊಟ್ಟರೆಂದು ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಅವರಿಗೂ ಸಮಪಾಲಿನ ಹಕ್ಕಿದೆ, ಮುಚ್ಚಿಟ್ಟರೆ ನಾಳೆ ಜಮೀನಿನ ಖಾತೆಯೇ ತಕರಾರಿಗೆ ಬೀಳುತ್ತದೆ. ಮೊದಲು ಅಕ್ಕನ ಮನೆಗೆ ಹೋಗಿ ಕುಳಿತು ಮಾತನಾಡಿ, ನಾಡಕಚೇರಿಗೆ ಆಮೇಲೆ ಹೋಗಿ. ಅರ್ಜಿ ಕೊಟ್ಟ ಮೇಲೆ ಏನಾಯಿತೆಂದು ಇಲ್ಲಿಯೇ ತಿಳಿಸಿ, ಎಲ್ಲಿ ನಿಂತಿದೆಯೆಂದು ಸೇರಿ ನೋಡೋಣ.