ಒಬ್ಬರನ್ನೇ ಕಂಡರೆ ಬೆದರುವ ಕುದುರೆ

ಪ್ರಶ್ನೆ: ನಮ್ಮ ಆರು ವರ್ಷದ ಹೆಣ್ಣು ಕುದುರೆ ಮನೆಯವರೆಲ್ಲರೊಡನೆ ಶಾಂತವಾಗಿರುತ್ತದೆ. ನಾನು ಮೇವು ಹಾಕುತ್ತೇನೆ, ತಾಯಿ ನೀರಿಡುತ್ತಾರೆ, ಮಕ್ಕಳು ಮೈ ಸವರುತ್ತಾರೆ. ನನ್ನ ತಮ್ಮ ಲಾಯದ ಬಾಗಿಲಿಗೆ ಬಂದರೆ ಮಾತ್ರ ತಲೆ ಎತ್ತಿ, ಮೂಲೆಗೆ ಸರಿದು, ಮೇಲಿಂದ ಮೇಲೆ ಲದ್ದಿ ಹಾಕುತ್ತದೆ. ಅವನು ಒಂದು ದಿನವೂ ಅದನ್ನು ಹೊಡೆದವನಲ್ಲ. ಅವನ ದೃಷ್ಟಿ ಕೆಟ್ಟದ್ದೆಂದು ಬಂಧುಗಳು ಹೇಳುವುದರಿಂದ ಈಗ ಲಾಯಕ್ಕೆ ಬರಲು ಅಳುಕುತ್ತಾನೆ. ಜೀನು ಕಟ್ಟಿ ಮದುವೆಯ ಮೆರವಣಿಗೆಗೆ ಒಯ್ಯುವವನು ಅವನೇ.
– ಓದುಗರೊಬ್ಬರು, ಮೈಂದರ್ಗಿ, ಅಕ್ಕಲಕೋಟ ತಾಲ್ಲೂಕು

ಉತ್ತರ: ಮದುವೆಯ ಹಂಗಾಮು ಮುಗಿಯುತ್ತಿದ್ದಂತೆ ಇದೇ ಪ್ರಶ್ನೆ ನನಗೆ ಪ್ರತಿ ವರ್ಷ ಬರುತ್ತದೆ. ಪ್ರತಿ ಸಲವೂ ಮನೆಯವರು ಕಾರಣವನ್ನು ಮನುಷ್ಯನ ಕಣ್ಣಿನಲ್ಲಿ, ನಕ್ಷತ್ರದಲ್ಲಿ, ನಡತೆಯಲ್ಲಿ ಹುಡುಕಿರುತ್ತಾರೆ. ಕುದುರೆಯ ಮೈಯನ್ನು ಮುಟ್ಟಿ ನೋಡಿರುವುದಿಲ್ಲ. ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯವನ್ನು ನೀವೇ ಇನ್ನೊಮ್ಮೆ ಓದಿಕೊಳ್ಳಿ. ಉಳಿದವರೆಲ್ಲ ಮೇವು, ನೀರು, ಮಮತೆ ತರುತ್ತೀರಿ. ಜೀನನ್ನು ಹಿಡಿದಿಡುವ ಹೊಟ್ಟೆಪಟ್ಟಿ ಬಿಗಿಯುವ ಕೆಲಸವನ್ನು ಅವನೊಬ್ಬನಿಗೆ ಬಿಟ್ಟಿದ್ದೀರಿ. ಅವನು ಬಂದ ಮೇಲೆ ಏನಾಗುತ್ತದೆ ಎಂಬುದನ್ನು ಕುದುರೆ ನೆನಪಿಟ್ಟುಕೊಂಡಿದೆ, ಅಷ್ಟೆ. ಅವನ ಗುಣದ ಬಗ್ಗೆ ಅದು ಯಾವ ತೀರ್ಪನ್ನೂ ಕೊಡುತ್ತಿಲ್ಲ.

ಕೆಲವು ವರ್ಷಗಳ ಹಿಂದೆ ಜತ್ತ ತಾಲ್ಲೂಕಿನ ಒಂದು ಲಾಯದಲ್ಲಿ ಇಂಥದೇ ಕುದುರೆಯನ್ನು ನೋಡಿದೆ. ಮೇಲ್ನೋಟಕ್ಕೆ ಒಂದು ಗೀರೂ ಕಾಣಲಿಲ್ಲ. ಎಡ ಮುಂಗಾಲಿನ ಮೊಣಕೈ ಹಿಂದೆ, ಪಟ್ಟಿ ಕೂರುವ ಜಾಗದಲ್ಲಿ, ಕೂದಲನ್ನು ಎದುರುಮುಖವಾಗಿ ಸರಿಸಿದಾಗ ಅಂಗೈಯಗಲದ ಚರ್ಮ ದಪ್ಪಗಟ್ಟಿತ್ತು. ಒಣಗಿದ ಬೆವರಿನ ಉಪ್ಪಿನ ಪೊರೆಯ ಕೆಳಗೆ ಹಸಿ ಗಾಯವಿತ್ತು. ಎರಡು ಬೆರಳಿನಿಂದ ಮೆಲ್ಲನೆ ಒತ್ತಿದೊಡನೆ ಚರ್ಮ ಅದುರಿತು, ಕಿವಿಗಳು ಹಿಂದಕ್ಕೆ ಮಲಗಿದವು, ಹಲ್ಲು ನನ್ನ ತೋಳಿನತ್ತ ಬಂತು. ಅಷ್ಟರಲ್ಲಿ ಆ ಮನೆಯವರು ಮೂರು ಸಲ ನಿಂಬೆಹಣ್ಣು ನಿವಾಳಿಸಿ ಎಸೆದಿದ್ದರು. ಗಾಯ ಒಂದು ತಿಂಗಳಲ್ಲಿ ಮಾಯಿತು. ಜೀನು ಕಟ್ಟುವವನನ್ನು ಕಂಡು ಬೆದರುವುದು ನಿಲ್ಲಲು ಇನ್ನೂ ಮೂರು ತಿಂಗಳು ಬೇಕಾಯಿತು.

ಆದ್ದರಿಂದ ಮೊದಲು ಪಶುವೈದ್ಯರಿಂದ ಬೆನ್ನು, ಹೊಟ್ಟೆಪಟ್ಟಿಯ ಜಾಗ, ಬಾಯಿ ಮತ್ತು ಗೊರಸುಗಳನ್ನು ಪರೀಕ್ಷೆ ಮಾಡಿಸಿ. ಮುಳ್ಳಿನ ಕಡಿವಾಣ ಬಳಸುತ್ತಿದ್ದರೆ ಇಂದೇ ತೆಗೆದುಹಾಕಿ. ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1965ರ ನಿಯಮಗಳೇ ಅದನ್ನು ನಿಷೇಧಿಸಿವೆ, ಆದರೂ ನಮ್ಮ ಸಂತೆಗಳಲ್ಲಿ ಅದು ಮಾರಾಟವಾಗುತ್ತಿರುವುದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ನಿಮ್ಮ ಕುದುರೆ ಹುಟ್ಟಾ ಪುಕ್ಕಲು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪಂಢರಪುರದ ಪಾದಯಾತ್ರೆಯಾದ ಆಷಾಢ ವಾರಿಯಲ್ಲಿ ಜ್ಞಾನೇಶ್ವರರ ಪಾಲಕಿಯೊಡನೆ ನಡೆಯುವ ಕುದುರೆಗಳು ಬೆಳಗಾವಿ ಜಿಲ್ಲೆಯ ಅಂಕಲಿಯಿಂದ ಹೋಗುತ್ತವೆ. ದಾರಿಯಲ್ಲಿ ಭಕ್ತರು ಸುತ್ತುಗಟ್ಟಿ ನಿಂತು ಕುದುರೆ ಓಡಿಸುವ ರಿಂಗಣದಲ್ಲಿ ಜನಸಾಗರದ ನಡುವೆ, ತಾಳ ಮೃದಂಗಗಳ ಸದ್ದಿನಲ್ಲಿ ಓಡುತ್ತವೆ. ರೂಢಿಯಾದ ಗದ್ದಲವನ್ನು ಕುದುರೆ ತಾಳಿಕೊಳ್ಳುತ್ತದೆ. ಒಬ್ಬನಿಗೆ ಮಾತ್ರ ಹೆದರುತ್ತದೆ ಎಂದಾದರೆ ಅದಕ್ಕೆ ಗೊತ್ತಾದ ಒಂದು ಕಾರಣವಿದೆ.

ಮೈಯಲ್ಲಿ ನೋವಿಲ್ಲವೆಂದು ಖಚಿತವಾದರೆ, ತಮ್ಮನ ಜೊತೆ ಏನೇನು ಬರುತ್ತದೆ ಎಂದು ನೋಡಿ. ಬೀಡಿಯ ವಾಸನೆ, ಅತ್ತರು, ಕಿಸೆಯ ಪ್ಲಾಸ್ಟಿಕ್ ಚೀಲದ ಸರಪರ ಸದ್ದು, ಎಲ್ಲವೂ ಕುದುರೆಗೆ ಗುರುತು. ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ಗೆ ನಿಂತರೆ ಅದರ ಕಿವಿ 33,000 ದಾಟುತ್ತದೆ. ಸುತ್ತ ಸುಮಾರು 350 ಡಿಗ್ರಿ ಕಾಣುವ ಅದಕ್ಕೆ ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕುರುಡು ಜಾಗಗಳಿವೆ. ಅವನು ಅಲ್ಲಿಂದಲೇ ಬರುತ್ತಾನೋ ಗಮನಿಸಿ. ಒಂದು ದಿನ ಅವನ ಅಂಗಿಯನ್ನು ನೀವು ತೊಟ್ಟು ಒಳಗೆ ಹೋಗಿ, ಇನ್ನೊಂದು ದಿನ ಅವನು ನಿಮ್ಮದನ್ನು ತೊಟ್ಟು ಬರಲಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನು ಬಂಧುಗಳ ಮಾತು. ಸ್ವೀಡನ್ನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕುದುರೆಯನ್ನು ನಡೆಸಿಕೊಂಡು ಹೋಗುವವರಿಗೆ ಈ ಸಲ ಹಾದಿಯಲ್ಲಿ ಛತ್ರಿ ಬಿಚ್ಚುತ್ತೇವೆ ಎಂದು ಹೇಳಲಾಯಿತು. ಛತ್ರಿಯನ್ನು ಯಾರೂ ಬಿಚ್ಚಲಿಲ್ಲ. ಆದರೂ ಮನುಷ್ಯರ ಎದೆಬಡಿತದ ಜೊತೆಗೆ ಕುದುರೆಗಳದ್ದೂ ಏರಿತು. ನಿಮ್ಮ ತಮ್ಮ ಈಗ ಅಳುಕುತ್ತಲೇ, ಉಸಿರು ಬಿಗಿಹಿಡಿದೇ ಬರುತ್ತಾನೆ. ಆ ಬಿಗುವು ಕುದುರೆಗೆ ತಿಳಿಯುತ್ತದೆ. ದೃಷ್ಟಿಯ ಕಥೆ ಕಟ್ಟಿದವರು ಒಬ್ಬ ಅಮಾಯಕನನ್ನು ನೋಯಿಸಿದ್ದಲ್ಲದೆ ಪ್ರಾಣಿಯ ಭಯವನ್ನೂ ಬೆಳೆಸಿದ್ದಾರೆ. ಅವರನ್ನು ಲಾಯದಿಂದ ದೂರವಿಡಿ.

ಗಾಯವಿದ್ದರೆ ಅದು ಪೂರ್ತಿ ಮಾಯುವವರೆಗೆ ಜೀನು ಬೇಡ, ಮುಂಗಡ ಹಿಡಿದ ಮೆರವಣಿಗೆಯಿದ್ದರೂ ಬೇಡ. ಆಮೇಲೆ ನಿಮ್ಮ ತಮ್ಮ ಬರಿಗೈಯಲ್ಲಿ ಬರಲಿ. ಭುಜದ ಕಡೆಯಿಂದ, ದಿಟ್ಟಿಸದೆ, ಕುದುರೆ ತಲೆ ಎತ್ತುವ ದೂರಕ್ಕಿಂತ ಎರಡು ಹೆಜ್ಜೆ ಹಿಂದೆಯೇ ನಿಲ್ಲಲಿ. ಅದು ತಲೆ ತಗ್ಗಿಸಿದೊಡನೆ ಅವನು ತಿರುಗಿ ಹೋಗಿಬಿಡಲಿ. ಹೋಗಿಬಿಡುವುದೇ ಅದಕ್ಕೆ ಸಿಗುವ ಬಹುಮಾನ. ಬೆಲ್ಲ ತೋರಿಸಿ ಹತ್ತಿರ ಕರೆಯುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆಸೆಗೆ ಹತ್ತಿರ ಬಂದ ಕುದುರೆ ಅಲ್ಲಿ ಬೆಚ್ಚಿದರೆ ಕೈಗೇ ಬಾಯಿ ಹಾಕುತ್ತದೆ. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬಾರದು, ಮಕ್ಕಳು ಹತ್ತಿರ ಇರಬಾರದು. ತೊಡೆಯ ಮೂಳೆ ಮುರಿದವರನ್ನು ನಾನೇ ಗಾಡಿಗೆ ಹತ್ತಿಸಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44ರವರೆಗೆ ಇರುತ್ತದೆ. ತಮ್ಮ ಹೋದ ಮೇಲೂ ಅದು 60ರ ಆಸುಪಾಸಿನಲ್ಲೇ ನಿಂತರೆ ಭಯವೆಂದು ಕಾಯದೆ ವೈದ್ಯರನ್ನು ಕರೆಸಿ.

ಪ್ರಶ್ನೆ: ಕುದುರೆಯ ಸುಳಿ ಶುದ್ಧವಿಲ್ಲದಿದ್ದರೆ ಯಜಮಾನನಿಗೆ ಹೆದರುತ್ತದೆಯೇ? – ಉಮದಿ
ಉತ್ತರ: ಸುಳಿ ಎಂದರೆ ಕೂದಲು ತಿರುಗಿರುವ ರೀತಿ. ಅದನ್ನು ನೋಡಿ ಬೆಲೆ ಕಟ್ಟುವ ದಲ್ಲಾಳಿಯಿಂದ ಕುದುರೆ ಕೊಳ್ಳಬೇಡಿ.

ಪ್ರಶ್ನೆ: ಮುಟ್ಟಾದ ಹೆಂಗಸರನ್ನು ಕಂಡು ಕುದುರೆ ಬೆದರುವುದು ನಿಜವೇ? – ದುಧನಿ
ಉತ್ತರ: ಸುಳ್ಳು. ಈ ಮಾತು ಹೇಳಿ ಹೆಣ್ಣುಮಕ್ಕಳನ್ನು ಲಾಯದಿಂದ ಹೊರಗಿಡಬೇಡಿ.

ಪ್ರಶ್ನೆ: ಬೆದರುವ ಕುದುರೆಗೆ ಬೆನ್ನಿನ ಮೇಲೆ ಬರೆ ಹಾಕಿಸಬೇಕೆಂದು ನಾಟಿ ವೈದ್ಯರು ಹೇಳಿದ್ದಾರೆ. – ಮಂದ್ರೂಪ
ಉತ್ತರ: ಅವರನ್ನು ಹಟ್ಟಿಯೊಳಗೆ ಬಿಡಬೇಡಿ. ಸುಟ್ಟ ಗಾಯ ಭಯವನ್ನು ಕಳೆಯುವುದಿಲ್ಲ, ಇನ್ನೊಬ್ಬ ಮನುಷ್ಯನ ಭಯವನ್ನು ಸೇರಿಸುತ್ತದೆ.

ಪ್ರಶ್ನೆ: ಮೆರವಣಿಗೆಗೆ ಮೊದಲು ಮತ್ತಿನ ಚುಚ್ಚುಮದ್ದು ಕೊಡಬಹುದೇ? – ಅಕ್ಕಲಕೋಟ
ಉತ್ತರ: ನಾನು ಕೊಡುವುದಿಲ್ಲ. ಮತ್ತಿನಲ್ಲಿ ತಲೆ ತೂಗುತ್ತಿರುವ ಕುದುರೆಯೂ ಒಂದು ಪಟಾಕಿಗೆ ಎಚ್ಚೆತ್ತು ಒದೆಯಬಲ್ಲದು, ಮತ್ತು ಆಗ ಅದರ ಮೇಲೆ ಮದುಮಗ ಕುಳಿತಿರುತ್ತಾನೆ.